ಜಂಬೂಸವಾರಿಯ ರಾತ್ರಿಯೂಟಕ್ಕೆ ಚೀಸ್ ತರಕಾರಿ ಕ್ಯಾಸರೋಲ್

ಪ್ರಶ್ನೆ: ವಿಜಯದಶಮಿಯ ದಿನ ಮಂಡ್ಯ, ಮದ್ದೂರುಗಳಿಂದ ನೆಂಟರು ಬಂದು ನಮ್ಮ ಮನೆಯಲ್ಲಿ ಹದಿನೈದು ಜನ ಸೇರುತ್ತೇವೆ. ಮಕ್ಕಳ ಆಸೆಗೆ ರಾತ್ರಿಯೂಟದ ಜೊತೆ ಚೀಸ್ ತರಕಾರಿ ಕ್ಯಾಸರೋಲ್ (ತರಕಾರಿಗೆ ಚೀಸ್ ಸಾಸ್ ಬೆರೆಸಿ ಓವನ್‌ನಲ್ಲಿ ಬೇಯಿಸುವ ತಿನಿಸು) ಮಾಡುತ್ತೇನೆ. ಕಳೆದ ಬಾರಿ ತಳದಲ್ಲಿ ನೀರು ನಿಂತಿತು. ಮೇಲಿನ ಚೀಸ್ ಎಣ್ಣೆ ಬಿಟ್ಟು ಗಟ್ಟಿಯಾಯಿತು. ಬೆಳಿಗ್ಗೆಯೇ ಸಿದ್ಧಪಡಿಸಿಟ್ಟು, ಮೆರವಣಿಗೆ ನೋಡಿ ಬಂದ ಮೇಲೆ ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಬೇಯಿಸಬಹುದೇ? ನಮ್ಮ ಅತ್ತೆಯವರು ಹಬ್ಬದಲ್ಲಿ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಚೀಸ್ ಸಸ್ಯಾಹಾರವೇ ಎಂಬ ಸಂಶಯವೂ ಅವರಿಗಿದೆ.
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಬೆಳಿಗ್ಗೆ ಸಿದ್ಧಪಡಿಸಿ ರಾತ್ರಿ ಬೇಯಿಸುವುದು ಖಂಡಿತ ಸಾಧ್ಯ. ಆದರೆ ನೀವು ಹೇಳಿದ ಎರಡು ತೊಂದರೆಗಳಲ್ಲಿ ಮೊದಲನೆಯದು ಓಟಿಜಿಯೊಳಗೆ ಹುಟ್ಟಿದ್ದಲ್ಲ. ತರಕಾರಿ ಹೆಚ್ಚುವ ಹೊತ್ತಿನಲ್ಲೇ ಅದು ಶುರುವಾಗಿರುತ್ತದೆ. ತರಕಾರಿಯ ತೂಕದಲ್ಲಿ ಬಹುಪಾಲು ನೀರೇ ಆಗಿರುವುದರಿಂದ, ಆ ನೀರನ್ನು ಮೊದಲೇ ಹೊರಗೆ ತೆಗೆಯದೆ ಹಸಿಯಾಗಿ ಹಾಕಿದರೆ, ಬಿಸಿ ತಾಗಿದೊಡನೆ ಅದು ಸಾಸ್‌ಗೆ ಇಳಿದು ತಳದಲ್ಲಿ ನಿಲ್ಲುತ್ತದೆ.

ಹದಿನೈದು ಜನರಿಗೆ, ಊಟದ ಇತರ ಪದಾರ್ಥಗಳೂ ಇರುವಾಗ, ಹೆಚ್ಚಿದ ತರಕಾರಿ ಒಂದೂವರೆ ಕಿಲೋ ಸಾಕು. ಹೂಕೋಸು, ಕ್ಯಾರೆಟ್, ಬೀನ್ಸ್, ಬಟಾಣಿ, ಆಲೂಗಡ್ಡೆ ಇದಕ್ಕೆ ಒಪ್ಪುತ್ತವೆ. ದೇವರಾಜ ಮಾರುಕಟ್ಟೆಯಲ್ಲಿ ಎಳೆಯ ನವಿಲುಕೋಸು ಸಿಕ್ಕಿದರೆ ಅದನ್ನೂ ಧಾರಾಳವಾಗಿ ಸೇರಿಸಿ, ಅದರ ಸಿಹಿ ಚೀಸ್‌ಗೆ ಬಹಳ ಚೆನ್ನಾಗಿ ಹೊಂದುತ್ತದೆ. ಸೀಮೆಬದನೆ, ಸೋರೆ, ಹೀರೆಕಾಯಿಗಳನ್ನು ಈ ಅಡುಗೆಗೆ ನಾನು ಸೂಚಿಸುವುದಿಲ್ಲ. ಹೂಕೋಸನ್ನು ಉಪ್ಪು, ಅರಿಶಿನ ಹಾಕಿದ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಹುಳು ನೋಡಿಕೊಳ್ಳಿ. ಆಲೂಗಡ್ಡೆಯನ್ನು ಬೇರೆಯಾಗಿ ಬೇಯಿಸಿ ಬಿಲ್ಲೆಗಳಾಗಿ ಹೆಚ್ಚಿಡಿ. ಉಳಿದವನ್ನು ಕುದಿಯುವ ಉಪ್ಪುನೀರಿಗೆ ಒಂದೊಂದಾಗಿ ಹಾಕಿ, ಎರಡರಿಂದ ನಾಲ್ಕು ನಿಮಿಷ, ಅಂದರೆ ಮುಕ್ಕಾಲು ಪಾಲು ಬೇಯುವವರೆಗೆ ಬಿಟ್ಟು ಸೋಸಿ. ಸೋಸಿದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಒಣಗಿದ ಹತ್ತಿಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಆವಿ ಪೂರ್ತಿ ಹೋಗಿ ಮುಟ್ಟಿದರೆ ಕೈಗೆ ತೇವ ಅಂಟದಿರುವವರೆಗೆ ಬಿಡಬೇಕು. ಅರ್ಧ ಗಂಟೆ ಹಿಡಿಯುವ ಈ ಹಂತವನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು. ದಪ್ಪ ಮೆಣಸಿನಕಾಯಿ ಹಾಕುವುದಾದರೆ ಬೆಣ್ಣೆಯಲ್ಲಿ ಹುರಿದು ನೀರು ಇಂಗಿಸಿ.

ಸಾಸ್‌ಗೆ ಒಂದು ಲೀಟರ್ ಹಾಲು, 80 ಗ್ರಾಂ ಬೆಣ್ಣೆ, 80 ಗ್ರಾಂ ಮೈದಾ ಬೇಕು. ಕರಗಿದ ಬೆಣ್ಣೆಯಲ್ಲಿ ಮೈದಾವನ್ನು ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ, ಬಣ್ಣ ತಿರುಗದಂತೆ, ಹಸಿ ವಾಸನೆ ಹೋಗುವವರೆಗೆ ಹುರಿಯಿರಿ. ಅನಂತರ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಗಂಟಾಗದಂತೆ ಕಲಕಿ, ಒಮ್ಮೆ ಚೆನ್ನಾಗಿ ಕುದಿ ಬಂದ ಮೇಲೂ ಮೂರು ನಾಲ್ಕು ನಿಮಿಷ ಬೇಯಿಸಿ. ಮೈದಾದಲ್ಲಿರುವ ಪಿಷ್ಟವು ಪೂರ್ತಿ ಉಬ್ಬಿ ಹಾಲಿನ ನೀರನ್ನು ಹಿಡಿದಿಡುವುದು ಈ ಕುದಿಯಿಂದಲೇ. ಮಂದವಾಗಿ ಸೌಟಿನ ಬೆನ್ನಿಗೆ ಅಂಟಿ ನಿಂತರೆ ಹದ ಬಂದಿದೆ ಎಂದು ತಿಳಿಯಿರಿ. ಈರುಳ್ಳಿ, ಬೆಳ್ಳುಳ್ಳಿಯ ಕೊರತೆ ಇದರಲ್ಲಿ ಕಾಣುವುದೇ ಇಲ್ಲ: ಹೊಸದಾಗಿ ಕುಟ್ಟಿದ ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಪುಡಿ, ಅರ್ಧ ಚಮಚ ಸಾಸಿವೆ ಪುಡಿ ಸಾಕು. ಉಪ್ಪನ್ನು ಮಾತ್ರ ಚೀಸ್ ಸೇರಿಸಿ ರುಚಿ ನೋಡಿದ ಮೇಲೆಯೇ ಹಾಕಿ.

ಈಗ ಚೀಸ್ ವಿಷಯ. ಹಾಲಿನ ಪ್ರೋಟೀನಿನ ಜಾಲವೊಂದು ಚೀಸ್‌ನ ಕೊಬ್ಬನ್ನು ಹಿಡಿದುಕೊಂಡಿರುತ್ತದೆ. ಉರಿ ಅತಿಯಾದರೆ ಆ ಜಾಲ ಬಿಗಿದುಕೊಂಡು ಕೊಬ್ಬನ್ನು ಹೊರಗೆ ಹಿಂಡುತ್ತದೆ. ನೀವು ಕಂಡ ಎಣ್ಣೆಯೂ ಗಟ್ಟಿ ಪದರವೂ ಇದರ ಫಲ. ಆದ್ದರಿಂದ ಸಾಸನ್ನು ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ 200 ಗ್ರಾಂ ತುರಿದ ಚೀಸ್ ಹಾಕಿ ಕಲಕಿ, ಮತ್ತೆ ಕುದಿಸಬೇಡಿ. ಸಾಸ್‌ಗೆ ಚೆಡ್ಡಾರ್ ಮತ್ತು ಕ್ಯೂಬ್ ರೂಪದ ಸಂಸ್ಕರಿಸಿದ ಚೀಸ್ ಸಮಪಾಲು ಇರಲಿ: ಮೊದಲನೆಯದು ರುಚಿ ಕೊಡುತ್ತದೆ, ಎರಡನೆಯದರಲ್ಲಿರುವ ಎಮಲ್ಸಿಫೈಯರ್ ಲವಣಗಳು ಕೊಬ್ಬು ಬೇರ್ಪಡದಂತೆ ತಡೆಯುತ್ತವೆ. ಮೇಲೆ ಹರಡಲು 100 ಗ್ರಾಂ ಮೊಜರೆಲ್ಲಾ ಸಾಕು. ಪನೀರ್ ಕರಗುವುದಿಲ್ಲವಾದ್ದರಿಂದ ಅದನ್ನು ಚೀಸ್‌ಗೆ ಬದಲಾಗಿ ಬಳಸಲಾಗದು.

ನಿಮ್ಮ ಅತ್ತೆಯವರ ಸಂಶಯ ನ್ಯಾಯವಾದದ್ದೇ. ಹಾಲನ್ನು ಚೀಸ್‌ಗಾಗಿ ಒಡೆಸುವ ರೆನೆಟ್ ಎಂಬ ಕಿಣ್ವವನ್ನು ಸಾಂಪ್ರದಾಯಿಕವಾಗಿ ಕರುವಿನ ಜಠರದಿಂದ ತೆಗೆಯುತ್ತಿದ್ದರು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಈಗ ವ್ಯಾಪಕವಾಗಿ ಬಳಕೆಯಲ್ಲಿದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆಯ ಗುರುತಿದ್ದರೆ ಅದು ಸಸ್ಯಾಹಾರ. ಆ ಗುರುತನ್ನು ಅವರಿಗೇ ತೋರಿಸಿ, ಅವರು ನಿಶ್ಚಿಂತೆಯಿಂದ ಊಟ ಮಾಡಲಿ.

ಬೆಳಿಗ್ಗೆ ತರಕಾರಿ, ಸಾಸ್ ಎರಡನ್ನೂ ಆರಲು ಬಿಟ್ಟು, ಬೆಣ್ಣೆ ಸವರಿದ ಎರಡು ಅಗಲ ಪಾತ್ರೆಗಳ ತಳಕ್ಕೆ ಆಲೂಗಡ್ಡೆ ಬಿಲ್ಲೆ ಜೋಡಿಸಿ. ಉಳಿದ ಅಲ್ಪಸ್ವಲ್ಪ ನೀರನ್ನು ಅದು ಹೀರಿಕೊಳ್ಳುತ್ತದೆ. ಅದರ ಮೇಲೆ ಸಾಸ್ ಬೆರೆಸಿದ ತರಕಾರಿ ಹರಡಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಮಾಡಿದ ಎರಡು ಗಂಟೆಗಳ ಒಳಗೆ ಅದು ಫ್ರಿಜ್ ಸೇರಬೇಕು; ಹಾಲಿನ ಅಡುಗೆಯನ್ನು ಸಂಜೆವರೆಗೆ ಹೊರಗಿಡುವುದು ಅಪಾಯ. ಮೊಜರೆಲ್ಲಾ ಮತ್ತು ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿಯನ್ನು ಈಗಲೇ ಹಾಕಬೇಡಿ, ಪುಡಿ ಮೆತ್ತಗಾಗುತ್ತದೆ. ಬೇಕರಿಯ ಸಿಹಿ ರಸ್ಕ್ ಪುಡಿಯಂತೂ ಬೇಡವೇ ಬೇಡ.

ಬನ್ನಿಮಂಟಪದ ಪಂಜಿನ ಕವಾಯತನ್ನೂ ನೋಡಿ ಬರುವುದಾದರೆ ತಡವಾಗುತ್ತದೆ. ಮನೆಯಲ್ಲಿ ಉಳಿಯುವ ಯಾರಿಗಾದರೂ ಈ ಕೆಲಸ ವಹಿಸಿ. ಗಾಜಿನ ಪಾತ್ರೆಯನ್ನು ಫ್ರಿಜ್‌ನಿಂದ ತೆಗೆದು ನೇರವಾಗಿ ಬಿಸಿ ಓಟಿಜಿಗೆ ಇಟ್ಟರೆ ಒಡೆಯಬಹುದು, ಆದ್ದರಿಂದ ಅರ್ಧ ಗಂಟೆ ಹೊರಗಿಡಿ. ಅಷ್ಟರಲ್ಲಿ ಓಟಿಜಿಯನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಫಾಯಿಲ್ ಮುಚ್ಚಿ, ಮೇಲಿನ, ಕೆಳಗಿನ ಎರಡೂ ಬಿಸಿ ಕಡ್ಡಿಗಳು ಕಾಯುವಂತೆ ಮಧ್ಯದ ಅಂತಸ್ತಿನಲ್ಲಿ 25 ನಿಮಿಷ ಬೇಯಿಸಿ. ಅನಂತರ ಫಾಯಿಲ್ ತೆಗೆದು ಮೊಜರೆಲ್ಲಾ, ಬ್ರೆಡ್ ಪುಡಿ ಉದುರಿಸಿ ಇನ್ನು 10ರಿಂದ 15 ನಿಮಿಷ ಬಿಡಿ. ಮೇಲಿನ ಚೀಸ್ ಕೊನೆಯ ಹಂತದಲ್ಲಿ ಮಾತ್ರ ಶಾಖಕ್ಕೆ ಒಡ್ಡಿಕೊಳ್ಳುವುದರಿಂದ ಎಣ್ಣೆ ಬಿಡುವ ಸಂಭವ ಕಡಿಮೆ. ಮಧ್ಯಕ್ಕೆ ಚುಚ್ಚಿ ತೆಗೆದ ಚಾಕುವಿನ ತುದಿ ಚೆನ್ನಾಗಿ ಬಿಸಿಯಾಗಿರಬೇಕು. ಎರಡು ಪಾತ್ರೆಗಳನ್ನು ಒಂದರ ಕೆಳಗೊಂದು ಇಟ್ಟರೆ ಕೆಳಗಿನದು ಕೆಂಪಗಾಗುವುದಿಲ್ಲ; ಮೊದಲನೆಯದನ್ನು ಹೊರತೆಗೆದ ಮೇಲೆ ಎರಡನೆಯದನ್ನು ಇಡಿ. ಹೊರತೆಗೆದ ಪಾತ್ರೆಯನ್ನು ಹತ್ತು ನಿಮಿಷ ಮುಟ್ಟದೆ ಬಿಟ್ಟರೆ ಸಾಸ್ ಬಿಗಿದುಕೊಂಡು, ಬಡಿಸುವಾಗ ತುಂಡು ಹರಡದೆ ಬರುತ್ತದೆ. ಮಿಕ್ಕಿದ್ದನ್ನು ಆ ರಾತ್ರಿಯೇ ಫ್ರಿಜ್‌ಗೆ ಸೇರಿಸಿ, ಮರುದಿನ ಹೊಗೆಯಾಡುವಷ್ಟು ಬಿಸಿಮಾಡಿ ತಿನ್ನಬಹುದು.