‘ಇತರೆ’ ಎಂದರೆ ಏನು?

ಮನೆ ರಿಪೇರಿಯಿಂದ ನಿದ್ದೆಗೆಟ್ಟವರು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬರುವುದು ಹೊಸದಲ್ಲ. ಆದರೆ ಯಾರೂ ಮೊದಲಿಗೇ ಹಾಗೆಂದು ಹೇಳುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ವಿನಾಕಾರಣ ಸಿಟ್ಟು ಬರುತ್ತದೆ, ಮನೆಯಲ್ಲಿ ಮಾತಿಲ್ಲ ಎನ್ನುತ್ತಾರೆ. ಮೇಸ್ತ್ರಿಯ ಸುದ್ದಿ ಹೊರಬೀಳುವುದು ಮೂರನೆಯ ಭೇಟಿಯ ಹೊತ್ತಿಗೆ. ಈ ಪ್ರಕರಣದಲ್ಲಿ ಎಡವಿದವಳು ನಾನೂ ಹೌದು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನೂ ಮೊತ್ತಗಳನ್ನೂ ಬದಲಿಸಿದ್ದೇನೆ.

ಅವರು ನಿವೃತ್ತಿಗೆ 2 ವರ್ಷ ಉಳಿದಿದ್ದ ನೌಕರರು. ಮೈಸೂರಿನ ಹಳೆಯ ಬಡಾವಣೆಯಲ್ಲಿ ತಂದೆ ಕಟ್ಟಿಸಿದ ತಾರಸಿ ಮನೆ. ಮಳೆಗಾಲದಲ್ಲಿ ಅಡುಗೆಮನೆಯ ಒಲೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಗಾರೆ ಕೆತ್ತಿ ಮತ್ತೆ ಬಳಿದು, ಟೈಲ್ಸ್ ಹಾಕಿ, 1.80 ಲಕ್ಷದಲ್ಲಿ ಮುಗಿಸಿಕೊಡುವುದಾಗಿ ಮೇಸ್ತ್ರಿ ಹೇಳಿದ. ಕೆತ್ತಿದಾಗ ಕಂಡದ್ದು ತುಕ್ಕು ಹಿಡಿದು ಉಬ್ಬಿದ ಸರಳುಗಳು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಒಳಗಿನಿಂದಲೇ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತದೆ. ಮೇಲೆ ಎಷ್ಟು ಗಾರೆ ಬಳಿದರೂ ನಿಲ್ಲುವುದಿಲ್ಲ. ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪೂ ತೂತಾಗಿತ್ತು. ಖರ್ಚು 5 ಲಕ್ಷ ದಾಟಿತು, ಅಡುಗೆ ನಡುಮನೆಗೆ ಬಂತು. (ಇದನ್ನೆಲ್ಲ ದಾಂಪತ್ಯಕ್ಕೆ ಹೋಲಿಸುವ ಚಪಲ ನನಗೂ ಇದೆ. ಬೇಡ. ಅದು ಬರಿಯ ತಾರಸಿ.)

ಮೊದಲ ಎರಡು ಭೇಟಿಗಳನ್ನು ನಾನು ಅವರ ನಿದ್ರಾಹೀನತೆಗೆ ಕಳೆದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಅಂಗಿಯ ಜೇಬಿನಲ್ಲಿದ್ದ ಪುಟ್ಟ ಡೈರಿಯನ್ನು ಅವರು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದುದನ್ನು ಕಂಡೂ ಕೇಳಲಿಲ್ಲ.

ಮೂರನೆಯ ಬಾರಿ ಪತ್ನಿಯೂ ಬಂದರು. ಡೈರಿಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಎಂದೆ. ಅವರು ಓದಿದರು. ಸಿಮೆಂಟು, ಎಂ-ಸ್ಯಾಂಡ್, ಕೂಲಿ, ಪ್ಲಂಬರ್, ಇತರೆ. ಮುಂದಿನ ಪುಟ: ಕೂಲಿ, ಸರಳು, ಇತರೆ. ಅದರ ಮುಂದಿನದರಲ್ಲೂ ಇತರೆ.

“ಇತರೆ ಎಂದರೆ ಏನು?” ಎಂದರು ಪತ್ನಿ, ತರಕಾರಿಯ ಬೆಲೆ ಕೇಳುವಂತೆ.

ಪತಿ ಕನ್ನಡಕ ತೆಗೆದು ಒರೆಸಿದರು.

“ನಾನೇ ಹೇಳುತ್ತೇನೆ ಮೇಡಂ. ಅದು ನನ್ನ ಬಳೆಗಳ ಮೇಲಿನ ಬಡ್ಡಿ. ಗೌರಿಹಬ್ಬದ ದಿನ ಬೀರು ತೆರೆದೆ, ಡಬ್ಬಿ ಖಾಲಿ. ಮುಚ್ಚಿಟ್ಟು ಗಾಜಿನ ಬಳೆ ತೊಟ್ಟು ಪೂಜೆಗೆ ಕುಳಿತೆ. ಇವರು ನನ್ನ ಕೈ ನೋಡಿದರು. ಆಗಲಾದರೂ ಹೇಳುತ್ತಾರೆ ಅಂದುಕೊಂಡೆ.” ಸ್ವಲ್ಪ ಹೊತ್ತು ಬಿಟ್ಟು, “ಹೊಸ ಅಡುಗೆಮನೆಯನ್ನು ನಾನು ಕೇಳಿರಲಿಲ್ಲ. ಒಲೆಯ ಮೇಲೆ ನೀರು ಬೀಳದಿದ್ದರೆ ಸಾಕಿತ್ತು” ಎಂದರು.

“ನಿನಗೋಸ್ಕರವೇ ಮಾಡಿಸಿದ್ದು” ಎಂದು ಅವರು ಹೇಳಲು ಹೋದದ್ದು ಅರ್ಧಕ್ಕೇ ನಿಂತಿತು.

ನಾನು ಕೊಟ್ಟ ಸಲಹೆ ಕೆಲವರಿಗೆ ಆಪ್ತಸಲಹೆಯೇ ಅನ್ನಿಸಲಿಕ್ಕಿಲ್ಲ. ತಲೆಯ ಮೇಲೆ ಬೀಳಬಹುದಾದದ್ದನ್ನು ಮಾತ್ರ ಈಗ ಸರಿಪಡಿಸಿ. ಅದು ಎಷ್ಟೆಂದು ಮೇಸ್ತ್ರಿಯಲ್ಲ, ಕಟ್ಟಡದ ಎಂಜಿನಿಯರ್ ಹೇಳಲಿ. ಟೈಲ್ಸ್, ಕಪಾಟು ನಿಲ್ಲಲಿ. ಮುಂಗಡ ಬೇಡ, ಆದ ಕೆಲಸವನ್ನು ಅಳೆದು ಹಣ ಕೊಡಿ. ಭಾನುವಾರ ಇಬ್ಬರೂ ಡೈರಿಯ ಮುಂದೆ ಕುಳಿತುಕೊಳ್ಳಿ. ‘ಇತರೆ’ ಎಂಬ ಪದ ಅದರಲ್ಲಿ ಇರಕೂಡದು.

ಭಾವನೆಗಳನ್ನು ಬಿಟ್ಟು ಲೆಕ್ಕ ಹಿಡಿದು ಕುಳಿತಿರಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸಂಬಳದ ಮೇಲೆ ಬದುಕುವ ಮನೆಗಳಲ್ಲಿ ಅವಮಾನ, ಹೆದರಿಕೆ, ಗಂಡಸುತನದ ಬಿಗುಮಾನ ಎಲ್ಲವೂ ಅಡಗಿ ಕೂರುವುದು ಲೆಕ್ಕದ ಪುಸ್ತಕದಲ್ಲೇ. ಬೇರೆಲ್ಲಿ ಹುಡುಕಲಿ? ಕೆಲಸ ನಿಲ್ಲಿಸಿದರೆ ನೆಂಟರು ಆಡಿಕೊಳ್ಳುತ್ತಾರೆ ಎಂಬ ಭಯದಿಂದಲೇ ಈ ಮನುಷ್ಯ ಮೂರು ಸಲ ಸಾಲ ಮಾಡಿದ್ದರು. ಅರ್ಧಕ್ಕೆ ನಿಂತ ಅಡುಗೆಮನೆಯಲ್ಲಿ ಒಂದು ವರ್ಷ ಬದುಕಬಹುದು ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು. ಪತ್ನಿಗೆ ಕ್ಷಮಿಸಿ ಎಂದು ಮಾತ್ರ ನಾನು ಹೇಳಲಿಲ್ಲ. ಕ್ಷಮಿಸುವುದು ಬಿಡುವುದು ಅವರಿಗೆ ಸೇರಿದ್ದು.

ಕೊನೆಯ ಭೇಟಿಗೆ ಬಂದಾಗ ತಾರಸಿ ಮುಗಿದಿತ್ತು, ಅಡುಗೆಮನೆಯ ನೆಲ ಇನ್ನೂ ಬರಿಯ ಸಿಮೆಂಟು. ಡೈರಿ ಪತ್ನಿಯ ಕೈಚೀಲದಲ್ಲಿತ್ತು, ಅಕ್ಷರಗಳೂ ಈಗ ಅವರವೇ. ‘ಕೆಲಸದವರಿಗೆ ಚಹಾ, 40 ರೂಪಾಯಿ’ ಎಂಬ ಸಾಲೂ ಇತ್ತು. ಬಳೆಗಳನ್ನು ಇನ್ನೂ ಬಿಡಿಸಿರಲಿಲ್ಲ.