ಸೆಲ್‌ಬೋರ್ನ್ ಚರ್ಚಿನ ಅಂಗಳದಿಂದ: ಓದುಗರ ಪ್ರಶ್ನೆಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಜಿಲ್ಲೆಯ ಸೆಲ್‌ಬೋರ್ನ್ ಎಂಬ ಹಳ್ಳಿಯ ಸೇಂಟ್ ಮೇರಿ ಚರ್ಚಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸ ಓದುಗರಿಗೆ ಒಂದು ಮಾತು. ನಾನು ಸಾಗರದವಳು. ಮದುವೆಯಾಗಿ ಈ ಕಡೆ ಬಂದು, ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಈಗ ಸೆಲ್‌ಬೋರ್ನ್‌ಗೆ ಹತ್ತಿರದ ಆಲ್ಟನ್ ಪಟ್ಟಣದಲ್ಲಿದ್ದೇನೆ. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಚರ್ಚಿನ ಅಂಗಳದಲ್ಲಿ ಬಿದ್ದುಹೋದ ದೊಡ್ಡ ಮರದ ಬಗ್ಗೆ ಒಂದೇ ವಾಕ್ಯ ಬರೆದು ಬಿಟ್ಟಿರಿ. ಅದು ಯಾವ ಮರ? ಚರ್ಚಿನ ಪಕ್ಕ ಅದನ್ನೇ ಏಕೆ ನೆಡುತ್ತಾರೆ? (ಓದುಗರೊಬ್ಬರು, ಶಿರಸಿ)

ಅದು ಯೂ ಮರ. ಸೂಜಿಯಂಥ ಕಡು ಹಸಿರು ಎಲೆ, ಕೆಂಪು ತೊಗಟೆ. ಬಹಳ ನಿಧಾನವಾಗಿ ಬೆಳೆಯುತ್ತದೆ, ಬಹಳ ಕಾಲ ಬದುಕುತ್ತದೆ. ಸೆಲ್‌ಬೋರ್ನ್‌ನ ಮರಕ್ಕೆ 1,400 ವರ್ಷ ಆಗಿತ್ತು ಎಂದು ಅಂದಾಜು. ಈಗಿರುವ ಚರ್ಚು ಕಟ್ಟಿದ್ದು 12ನೇ ಶತಮಾನದ ಕೊನೆಯಲ್ಲಿ. ಅಂದಾಜು ಸರಿ ಎಂದಾದರೆ ಚರ್ಚು ಬರುವ ಮೊದಲೇ ಮರ ಅಲ್ಲಿತ್ತು.

ಇದೇ ಊರಿನ ಸಹಾಯಕ ಪಾದ್ರಿ ಗಿಲ್ಬರ್ಟ್ ವೈಟ್ 18ನೇ ಶತಮಾನದಲ್ಲಿ ಈ ಮರದ ಸುತ್ತಳತೆ ತೆಗೆದರು. 23 ಅಡಿ ಬಂತು. ಇದು ಗಂಡು ಮರ, ವಸಂತ ಬಂದರೆ ಸುತ್ತಲಿನ ಗಾಳಿಗೆಲ್ಲ ಪರಾಗದ ಧೂಳು ತುಂಬುತ್ತದೆ ಎಂದೂ ಬರೆದಿಟ್ಟರು. ಚರ್ಚಿನ ಹತ್ತಿರ ಯೂ ಏಕೆ ಎಂಬ ನಿಮ್ಮ ಪ್ರಶ್ನೆ ಅವರನ್ನೂ ಕಾಡಿತ್ತು. ಬೇಗ ಬಂದವರಿಗೆ ನೆರಳಾಗಲಿ ಎಂದೇ? ಚರ್ಚಿಗೆ ಗಾಳಿ ತಡೆಯಲೇ? ಬಿಲ್ಲು ಮಾಡುವ ಮರ ಬೇಕೆಂದೇ? ಸಾವಿನ ಗುರುತಾಗಿಯೇ? ಎಲೆಯಲ್ಲಿ ವಿಷವಿದೆ, ದನ ತಿಂದರೆ ಸಾಯುತ್ತದೆ. ಹಾಗಾಗಿ ಬೇಲಿ ಹಾಕಿದ ಚರ್ಚಿನ ಅಂಗಳವೇ ಇದಕ್ಕೆ ಕ್ಷೇಮದ ಜಾಗ ಎಂಬ ವಾದವೂ ಇದೆ. ವೈಟ್ ಇವನ್ನೆಲ್ಲ ತೂಗಿ ನೋಡಿದರು. ಇವತ್ತಿಗೂ ಒಂದೇ ಉತ್ತರ ಯಾರ ಹತ್ತಿರವೂ ಇಲ್ಲ.

1990ರ ಜನವರಿ 25ರಂದು ದಕ್ಷಿಣ ಇಂಗ್ಲೆಂಡಿಗೆ ಭಾರಿ ಬಿರುಗಾಳಿ ಬಡಿಯಿತು. ಮರ ಬುಡಸಮೇತ ಉರುಳಿತು. ಊರಿನವರು ಅದನ್ನು ಸೌದೆ ಮಾಡಲಿಲ್ಲ. ಕೊಂಬೆ ಕಡಿದು ಭಾರ ಇಳಿಸಿ, ಯಂತ್ರ ತಂದು ಎಳೆದು, ಮತ್ತೆ ಅದೇ ಗುಂಡಿಯಲ್ಲಿ ನಿಲ್ಲಿಸಿದರು. ಚಿಗುರೂ ಬಂತು. ಆದರೆ ಬೇರು ಹಿಡಿಯಲಿಲ್ಲ, ಮರ ಒಣಗಿತು. ಬುಡ ಎದ್ದಾಗ ಬೇರುಗಳ ನಡುವೆ ಮನುಷ್ಯರ ಎಲುಬು ಸಿಕ್ಕವು. ಮಧ್ಯಯುಗದಿಂದ ಅಲ್ಲಿ ಹೂತಿದ್ದ ಊರವರು ಅವರು. ಒಣಗಿದ ಬುಡ ಈಗಲೂ ಅಲ್ಲೇ ನಿಂತಿದೆ. ಅದೇ ಮರದ ಕಡ್ಡಿಯಿಂದ ಎಬ್ಬಿಸಿದ ಸಸಿಯನ್ನೂ ಅಂಗಳದಲ್ಲಿ ನೆಟ್ಟಿದ್ದಾರೆ.

ನನಗೆ ಈ ಮರದ ಮೇಲೆ ಪ್ರೀತಿ ಜಾಸ್ತಿ. ಅದಕ್ಕೆ ಕಾರಣವಿದೆ. ಸ್ತನ ಕ್ಯಾನ್ಸರಿಗೆ ಕೊಡುವ ಡೋಸಿಟ್ಯಾಕ್ಸೆಲ್ ಎಂಬ ಔಷಧ ಹುಟ್ಟಿದ್ದು ಇದೇ ಯೂರೋಪಿನ ಯೂ ಮರದ ಎಲೆಯಿಂದ. ಆ ಬಾಟಲಿಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದವಳು ನಾನು. ದನವನ್ನು ಕೊಲ್ಲುವ ಮರದಿಂದಲೇ ಬಂದ ಔಷಧದಿಂದ ಎಷ್ಟೋ ಹೆಂಗಸರು ಗುಣವಾಗಿ ಮನೆಗೆ ಹೋದದ್ದನ್ನು ನೋಡಿದ್ದೇನೆ.

ಪ್ರಶ್ನೆ: ಈ ಗಿಲ್ಬರ್ಟ್ ವೈಟ್ ಪಾದ್ರಿಯೋ ವಿಜ್ಞಾನಿಯೋ? (ಓದುಗರೊಬ್ಬರು, ಹಾಸನ)

ಎರಡೂ. ಹುಟ್ಟಿದ್ದು 1720ರಲ್ಲಿ, ಇದೇ ಊರಿನ ಪಾದ್ರಿಯ ಮನೆಯಲ್ಲಿ. ಆಗ ಅವರ ಅಜ್ಜ ಇಲ್ಲಿ ವಿಕಾರ್ ಆಗಿದ್ದರು, ಅಂದರೆ ಊರ ಚರ್ಚಿನ ಮುಖ್ಯ ಪಾದ್ರಿ. ಮೊಮ್ಮಗ ಮಾತ್ರ ಸ್ವಂತ ಊರಿನಲ್ಲಿ ವಿಕಾರ್ ಆಗಲೇ ಇಲ್ಲ. ಈ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನದು. ವೈಟ್ ಓದಿದ್ದು ಅಲ್ಲಿನ ಓರಿಯಲ್ ಕಾಲೇಜಿನಲ್ಲಿ. ಹೀಗಾಗಿ ಕ್ಯುರೇಟ್ ಆಗಿ, ಅಂದರೆ ಸಹಾಯಕ ಪಾದ್ರಿಯಾಗಿ, ಬೇರೆ ಬೇರೆ ಅವಧಿಗೆ ಇಲ್ಲಿ ಕೆಲಸ ಮಾಡಿದರು. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದರು, ಸತ್ತವರನ್ನು ಮಣ್ಣು ಮಾಡಿದರು.

ಉಳಿದ ಹೊತ್ತೆಲ್ಲ ನೋಡುವುದು, ಬರೆಯುವುದು. ಎರೆಹುಳ ಇಲ್ಲದಿದ್ದರೆ ನೆಲ ಗಟ್ಟಿಯಾಗಿ ಬಂಜೆಯಾಗುತ್ತದೆ ಎಂದು 1777ರಲ್ಲೇ ಬರೆದರು. ನೋಡಲು ಒಂದೇ ಥರ ಇರುವ ಮೂರು ಪುಟ್ಟ ಹಕ್ಕಿಗಳನ್ನು ಬರೀ ಕೂಗಿನಿಂದ ಬೇರೆ ಬೇರೆ ಜಾತಿ ಎಂದು ಗುರುತಿಸಿದರು. ಸ್ವಿಫ್ಟ್ ಹಕ್ಕಿಗಳನ್ನು ವರ್ಷ ವರ್ಷ ಎಣಿಸಿದರು. ನಮ್ಮ ಕಡೆ ಬಾನಾಡಿ ಅನ್ನುತ್ತೇವಲ್ಲ, ಆ ಗುಂಪಿನ ಹಕ್ಕಿ. ಪ್ರತಿ ವರ್ಷ ಎಂಟು ಜೋಡಿ. ಅದರಲ್ಲಿ ಸುಮಾರು ಅರ್ಧ ಗೂಡು ಕಟ್ಟುತ್ತಿದ್ದದ್ದು ಚರ್ಚಿನಲ್ಲಿ, ಉಳಿದವು ಊರಿನ ತೀರಾ ಬಡವರ ಹುಲ್ಲಿನ ಮನೆಗಳಲ್ಲಿ. ಇದನ್ನೆಲ್ಲ ಪತ್ರಗಳಲ್ಲಿ ಗೆಳೆಯರಿಗೆ ಬರೆದು, 1789ರಲ್ಲಿ ಪುಸ್ತಕವಾಗಿ ತಂದರು.

ಆ ಪುಸ್ತಕದಲ್ಲಿ ಹಕ್ಕಿಯಷ್ಟೇ ಪ್ರೀತಿಯಿಂದ ಜನರ ಲೆಕ್ಕವೂ ಇದೆ. ಊರಲ್ಲಿ 676 ಜನ ಎಂದು ಬರೆದರು. ಚರ್ಚಿನ ರಿಜಿಸ್ಟರ್ ತೆಗೆದು ಅರವತ್ತು ವರ್ಷದ ಹುಟ್ಟು ಸಾವುಗಳನ್ನೂ ಕೂಡಿಸಿದರು.

ಸಮಾಧಿಯ ವಿಷಯದಲ್ಲಿ ಅವರು ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ಊರಿನ ಎಲ್ಲರಿಗೂ ಚರ್ಚಿನ ದಕ್ಷಿಣ ಬದಿಯಲ್ಲೇ ಹೂಳಬೇಕೆಂಬ ಹಟ. ಉತ್ತರದ ಬದಿ ಒಳ್ಳೆಯದಲ್ಲ ಎಂಬ ನಂಬಿಕೆ. ಇದರಿಂದ ದಕ್ಷಿಣದಲ್ಲಿ ಹೊಸ ಗುಂಡಿ ತೋಡಿದರೆ ಅಜ್ಜ ಮುತ್ತಜ್ಜರ ಎಲುಬು ಕದಲುತ್ತಿತ್ತು. ಎರಡು ಮೂರು ಒಳ್ಳೆಯ ಮನೆತನದವರು ಉತ್ತರದಲ್ಲಿ ಹೂಳಲು ಶುರು ಮಾಡಿದ್ದಾರೆ, ಜನರ ಅಂಜಿಕೆ ಮೆಲ್ಲಗೆ ಹೋದೀತು ಎಂದು ವೈಟ್ ಬರೆದರು. ಬರೆದು ಸುಮ್ಮನಾಗಲಿಲ್ಲ. ಅವರ ಸಮಾಧಿ ಇರುವುದು ಉತ್ತರದಲ್ಲೇ. ಮೊಣಕಾಲೆತ್ತರವೂ ಇಲ್ಲದ ಕಲ್ಲು. ಅದರ ಮೇಲೆ ಹೆಸರಿನ ಎರಡು ಮೊದಲಕ್ಷರ, 1793ರ ಜೂನ್ 26 ಎಂಬ ತಾರೀಕು. ಬೇರೆ ಏನೂ ಇಲ್ಲ.

ಪ್ರಶ್ನೆ: ಪಾದ್ರಿಯ ವಿರುದ್ಧವೇ ದಂಗೆ ಆಗಿತ್ತು ಎಂದು ಕೇಳಿದ್ದೇನೆ. ನಿಜವೇ? (ಓದುಗರೊಬ್ಬರು, ಮಂಡ್ಯ)

ನಿಜ. ವೈಟ್ ತೀರಿಹೋಗಿ ಮೂವತ್ತೇಳು ವರ್ಷ ಕಳೆದ ಮೇಲೆ, 1830ರ ನವೆಂಬರ್‌ನಲ್ಲಿ. ಆಗ ದಕ್ಷಿಣ ಇಂಗ್ಲೆಂಡಿನಲ್ಲೆಲ್ಲ ಕೂಲಿಯಾಳುಗಳು ಎದ್ದಿದ್ದರು. ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಚಳಿಗಾಲದಲ್ಲಿ ಕೈಯಿಂದ ತೆನೆ ಬಡಿಯುವ ಕೆಲಸವೊಂದಿತ್ತು, ಅದನ್ನೂ ಒಕ್ಕಣೆ ಯಂತ್ರ ಕಿತ್ತುಕೊಂಡಿತು. ಕೂಲಿ ಜಾಸ್ತಿ ಕೊಡಿ ಎಂದರೆ ರೈತರು ಪಾದ್ರಿಯ ಕಡೆ ಕೈ ತೋರಿಸುತ್ತಿದ್ದರು. ಬೆಳೆಯ ಹತ್ತನೇ ಒಂದು ಪಾಲು ಚರ್ಚಿಗೆ ಹೋಗಬೇಕಿತ್ತು. ಅದನ್ನು ಕೊಟ್ಟ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಅನ್ನುವುದು ಅವರ ಮಾತು. ಸೆಲ್‌ಬೋರ್ನ್‌ನ ಜನ ವಿಕಾರ್ ಮನೆ ಮುತ್ತಿ, ಪಾಲು ಕಡಿಮೆ ಮಾಡುತ್ತೇನೆ ಎಂದು ಬರೆಸಿಕೊಂಡರು. ಬಡವರನ್ನು ಇಡುತ್ತಿದ್ದ ದುಡಿಮೆಮನೆಯನ್ನು ಹಾಳುಗೆಡವಿದರು.

ಶಿಕ್ಷೆ ಕ್ರೂರವಾಗಿತ್ತು. ಹಲವರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಬೆಳೆಯ ರೂಪದ ಪಾಲನ್ನು ಹಣಕ್ಕೆ ಬದಲಾಯಿಸುವ ಕಾನೂನು 1836ರಲ್ಲಿ ಬಂತು. ಆ ದಿನ ಕಹಳೆ ಊದಿ ಜನ ಸೇರಿಸಿದವನ ಸಮಾಧಿ ಎಂದು ಊರವರು ತೋರಿಸುವ ಜಾಗ ಯೂ ಮರದ ಪಕ್ಕದಲ್ಲೇ ಇದೆ. ಚರ್ಚಿನ ವಿರುದ್ಧ ಕಹಳೆ ಊದಿದವನಿಗೂ ಚರ್ಚಿನ ಅಂಗಳದಲ್ಲಿ ಜಾಗ ಸಿಕ್ಕಿತು. ಸಿಗಲೇಬೇಕಿತ್ತು. ಊರಿನಲ್ಲಿ ವಾಸವಾಗಿದ್ದವರಿಗೆಲ್ಲ ಅಲ್ಲಿ ಮಣ್ಣಾಗುವ ಹಕ್ಕಿದೆ. ಬಂದವರಿಗೆ ನಾನು ಮೊದಲು ತೋರಿಸುವುದು ಈ ಜಾಗವನ್ನು.

ಪ್ರಶ್ನೆ: ಈ ಚರ್ಚೂ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚೂ ಒಂದೇನಾ? (ಓದುಗರೊಬ್ಬರು, ಧಾರವಾಡ)

ಒಂದೇ ಅಲ್ಲ, ನೆಂಟರು. ಇಂಗ್ಲೆಂಡಿನ ಚರ್ಚು ರೋಮಿನ ಪೋಪರಿಂದ ಬೇರೆಯಾದದ್ದು 1534ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ. ಅದರ ಪರಂಪರೆಗೆ ಆಂಗ್ಲಿಕನ್ ಎಂದು ಹೆಸರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಇತರ ಕೆಲವು ಸಭೆಗಳು ಸೇರಿ ಸಿ.ಎಸ್.ಐ. ಆಯಿತು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ ಚರ್ಚಾಗಿಯೇ ಹುಟ್ಟಿದ್ದು.

ಪ್ರಶ್ನೆ: ಅಷ್ಟು ಹಳೆಯ ಕಟ್ಟಡದ ಖರ್ಚು ಸರ್ಕಾರದ್ದೇ? ನೀವು ಹಿಂದೂ, ನಿಮಗೆ ಅಲ್ಲಿ ಏನು ಕೆಲಸ? (ಓದುಗರೊಬ್ಬರು, ಉಡುಪಿ)

ಚರ್ಚಿನ ದಿನನಿತ್ಯದ ಖರ್ಚನ್ನು ಸರ್ಕಾರ ಕೊಡುವುದಿಲ್ಲ, ಪಾದ್ರಿಯ ಸಂಬಳವನ್ನೂ ಕೊಡುವುದಿಲ್ಲ. ಪ್ರತಿ ಪ್ಯಾರಿಷ್‌ಗೆ, ಅಂದರೆ ಒಂದು ಚರ್ಚಿಗೆ ಸೇರಿದ ಊರಿಗೆ, ಆಯ್ಕೆಯಾದ ಸಮಿತಿ ಇದೆ. ಚರ್ಚ್‌ವಾರ್ಡನ್ ಎಂಬ ಹಳೆಯ ಹುದ್ದೆಯವರೂ ಇದ್ದಾರೆ. ಚಾವಣಿ ಸೋರಿದರೆ, ಗಂಟೆಯ ಹಗ್ಗ ಸವೆದರೆ ದುಡ್ಡು ಹೊಂದಿಸಬೇಕಾದವರು ಇವರೇ. ಕೇಕ್ ಮಾರುತ್ತಾರೆ, ಹಳೆಯ ಪುಸ್ತಕ ಮಾರುತ್ತಾರೆ, ಸಂಗೀತ ಇಡುತ್ತಾರೆ, ಅರ್ಜಿ ಬರೆಯುತ್ತಾರೆ. ಹಣ ಸಿಕ್ಕರೂ ತಮಗೆ ತೋಚಿದ ಹಾಗೆ ಕೈ ಹಾಕುವಂತಿಲ್ಲ. ಒಂದು ಬೆಂಚು ತೆಗೆಯಬೇಕಾದರೂ ಮೇಲಿನವರ ಲಿಖಿತ ಒಪ್ಪಿಗೆ ಬೇಕು. ಚಾವಣಿಯಲ್ಲಿ ಬಾವಲಿ ಸೇರಿದರೆ ಅದನ್ನು ಓಡಿಸುವುದು ಕಾನೂನಿಗೆ ವಿರುದ್ಧ. ಹಳ್ಳಿಗಳಲ್ಲಿ ಒಬ್ಬ ವಿಕಾರ್‌ಗೆ ನಾಲ್ಕೈದು ಚರ್ಚು ಇರುವುದು ಈಗ ಸಾಮಾನ್ಯ. ಭಾನುವಾರ ಪ್ರಾರ್ಥನೆಗೆ ಬರುವವರು ಕಡಿಮೆ, ಅವರಲ್ಲೂ ವಯಸ್ಸಾದವರೇ ಹೆಚ್ಚು. ಇದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಇಂಥ ಊರಿನಲ್ಲಿ ಎಂಟು ನೂರು ವರ್ಷದ ಕಟ್ಟಡದ ಭಾರ ಹೊರುತ್ತಿರುವುದು ನಿವೃತ್ತರಾದ ಬೆರಳೆಣಿಕೆಯ ಜನ.

ನನ್ನ ಕೆಲಸ ಹೂವಿನದು. ಹೂವು ಜೋಡಿಸುವವರ ಪಟ್ಟಿ ಇರುತ್ತದೆ, ಸರದಿ ಬಂದಾಗ ಹೋಗಬೇಕು. ಪಕ್ಕದ ಮನೆಯವರು ಕರೆದರು, ಹೋದೆ. ಯಾರೂ ನನ್ನ ಧರ್ಮ ಕೇಳಲಿಲ್ಲ. ಈಸ್ಟರಿಗೆ ಮುಂಚಿನ ಲೆಂಟ್ ದಿನಗಳಲ್ಲಿ ಹೂವು ಇಡುವುದಿಲ್ಲ. ಈಸ್ಟರ್ ಬಂತೆಂದರೆ ಕಿಟಕಿ ಕಟ್ಟೆಗಳಲ್ಲೆಲ್ಲ ಹಳದಿ ಡ್ಯಾಫೊಡಿಲ್. ಶರತ್ಕಾಲದಲ್ಲಿ ಬೆಳೆ ಹಬ್ಬ. ಆಗ ಕುಂಬಳ, ಸೇಬು, ಗೋಧಿ ತೆನೆ, ಡಬ್ಬಿ ಸಾಮಾನು ಎಲ್ಲ ತಂದಿಡುತ್ತಾರೆ. ಆಮೇಲೆ ಅದು ಇಲ್ಲದವರ ಮನೆಗೆ ಹೋಗುತ್ತದೆ. ಹಳೆಯ ಹಬ್ಬದಂತೆ ಕಂಡರೂ, ಚರ್ಚಿನೊಳಗೆ ಇದನ್ನು ಈ ರೂಪದಲ್ಲಿ ಶುರು ಮಾಡಿದ್ದು 1843ರಲ್ಲಿ, ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಹಳ್ಳಿಯ ವಿಕಾರ್ ರಾಬರ್ಟ್ ಹಾಕರ್. ಹೂವಿಟ್ಟು ಮುಗಿದ ಮೇಲೆ ಸಂತ ಫ್ರಾನ್ಸಿಸ್ ಹಕ್ಕಿಗಳ ನಡುವೆ ನಿಂತಿರುವ ಬಣ್ಣದ ಗಾಜಿನ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ಕೂರುತ್ತೇನೆ. ವೈಟ್ ಹುಟ್ಟಿ ಇನ್ನೂರು ವರ್ಷವಾದ ನೆನಪಿಗೆ 1920ರಲ್ಲಿ ಮಾಡಿಸಿದ್ದು. ಅದರಲ್ಲಿರುವುದು ಅವರು ಬರೆದ ಹಕ್ಕಿಗಳೇ.

ಪ್ರಶ್ನೆ: ಗಂಟೆ ಬಾರಿಸಲು ಲೆಕ್ಕ ಗೊತ್ತಿರಬೇಕಂತೆ, ಹೌದಾ? (ಒಂಬತ್ತನೇ ತರಗತಿ ವಿದ್ಯಾರ್ಥಿನಿ, ತುಮಕೂರು)

ಹೌದು ಪುಟ್ಟಿ. ಇಲ್ಲಿ ಗಂಟೆಯಲ್ಲಿ ಹಾಡು ನುಡಿಸುವುದಿಲ್ಲ. ಒಬ್ಬೊಬ್ಬರು ಒಂದು ಹಗ್ಗ ಹಿಡಿದು, ಪ್ರತಿ ಸುತ್ತಿಗೂ ಗಂಟೆಗಳ ಸರದಿ ಬದಲಿಸುತ್ತಾರೆ. ಆರು ಗಂಟೆ ಇದ್ದರೆ ಎಷ್ಟು ಥರ ಬಾರಿಸಬಹುದು? 6×5×4×3×2×1, ಅಂದರೆ 720. ಏಳಾದರೆ 5,040. ಅದಕ್ಕೆ ಸುಮಾರು ಮೂರು ತಾಸು ಬೇಕು. ಕಾಗದ ನೋಡುವಂತಿಲ್ಲ, ಎಲ್ಲ ತಲೆಯಲ್ಲೇ ಇರಬೇಕು. ಸೆಲ್‌ಬೋರ್ನ್‌ಗೆ ಹೊಸ ಗಂಟೆಗಳು ಬಂದ ದಿನ ಊರಿಗೆ ಊರೇ ಹಬ್ಬ ಮಾಡಿತಂತೆ. ದಾನಿಯೊಬ್ಬರು ಒಂದು ಗಂಟೆಯನ್ನು ತಲೆಕೆಳಗಾಗಿ ನೆಲದಲ್ಲಿ ಹೂಳಿಸಿ, ಅದರ ತುಂಬ ಪಾನಕದಂಥ ಪಂಚ್ ಸುರಿಸಿ ಎಲ್ಲರಿಗೂ ಹಂಚಿಸಿದರು. ಅದು ಮಕ್ಕಳ ಪಾನಕ ಅಲ್ಲ, ಅದರಲ್ಲಿ ಮದ್ಯ ಇರುತ್ತದೆ!

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನಲ್ಲಿ ಒಬ್ಬ ಇಂಗ್ಲಿಷ್ ಪ್ಲಾಂಟರನ ಸಮಾಧಿ ಇದೆ. ಹ್ಯಾಂಪ್‌ಶೈರ್ ಎಂಬ ಪದ ಮಾತ್ರ ಓದಲು ಬರುತ್ತದೆ. ಆತ ಯಾರೆಂದು ತಿಳಿಯುವ ದಾರಿ ಇದೆಯೇ? (ಓದುಗರೊಬ್ಬರು, ಚಿಕ್ಕಮಗಳೂರು)

ಇದೆ. ಊರಿನ ದೀಕ್ಷಾಸ್ನಾನ, ಮದುವೆ, ಸಾವು ಮೂರನ್ನೂ ಚರ್ಚಿನಲ್ಲಿ ಬರೆದಿಡಬೇಕು ಎಂದು 1538ರಲ್ಲೇ ಅಪ್ಪಣೆಯಾಯಿತು. 1813ರಿಂದ ಅಚ್ಚು ಹಾಕಿದ ಪುಸ್ತಕ ಬಂತು. ದೀಕ್ಷಾಸ್ನಾನದ ಪುಟದಲ್ಲಿ ತಂದೆಯ ಕಸುಬು, ವಾಸದ ಊರು ಬರೆಯಲು ಪ್ರತ್ಯೇಕ ಜಾಗ ಇದೆ. ಸರ್ಕಾರ ಹುಟ್ಟು ಸಾವು ದಾಖಲಿಸಲು ಶುರು ಮಾಡಿದ್ದು 1837ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನವರಿಗೆ ಚರ್ಚಿನ ಪುಸ್ತಕವೇ ಆಧಾರ. ದೀಕ್ಷಾಸ್ನಾನದ ದಿನವೇ ಹುಟ್ಟಿದ ದಿನ ಎಂದುಕೊಳ್ಳಬೇಡಿ, ತಿಂಗಳುಗಟ್ಟಲೆ ವ್ಯತ್ಯಾಸ ಇರಬಹುದು. ಹ್ಯಾಂಪ್‌ಶೈರ್‌ನ ಹಳೆಯ ಪುಸ್ತಕಗಳು ವಿಂಚೆಸ್ಟರ್‌ನ ದಾಖಲೆ ಕಚೇರಿಯಲ್ಲಿವೆ. ಭಾರತದಲ್ಲಿ ತೀರಿಕೊಂಡವರ ವಿವರ ಬೇಕಾದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ ನೋಡಿ. ನಿಮ್ಮ ಭಾಗದ್ದನ್ನು ಮದ್ರಾಸ್ ಪ್ರೆಸಿಡೆನ್ಸಿಯ ಕಡತದಲ್ಲಿ ಮೊದಲು ಹುಡುಕಿ.

ಆದರೆ ಮೊದಲ ಕೆಲಸ ನಿಮ್ಮ ತೋಟದಲ್ಲೇ ಇದೆ. ಕಲ್ಲನ್ನು ಆ್ಯಸಿಡ್ ಹಾಕಿ ತೊಳೆಯಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಉಳಿದ ಅಕ್ಷರವೂ ಹೋಗುತ್ತದೆ. ಬೆಳಿಗ್ಗೆ ಇಲ್ಲವೇ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಸವೆದ ಅಕ್ಷರವೂ ಆಗ ಎದ್ದು ಕಾಣುತ್ತದೆ. ಹೆಸರಿನ ಅರ್ಧ, ಒಂದು ಇಸವಿ, ಅಷ್ಟು ಸಿಕ್ಕರೂ ಸಾಕು. ಪತ್ರಿಕೆಯ ವಿಳಾಸಕ್ಕೆ ಕಳಿಸಿ. ವಿಂಚೆಸ್ಟರ್ ನನಗೆ ದೂರವಲ್ಲ, ನಾನೇ ಹೋಗಿ ಪುಸ್ತಕ ತೆಗೆಸಿ ನೋಡುತ್ತೇನೆ.