ಪೇರೆಂಟ್ ಪಾಮ್‌ನಲ್ಲಿ ಏನಿರಬೇಕು?

ಪ್ರಶ್ನೆ: ನಮ್ಮ ರೈಸ್‌ಮಿಲ್ ಲೆಕ್ಕದ ಮೇವನ್ (ಜಾವಾ ಸಾಫ್ಟ್‌ವೇರ್ ಬಿಲ್ಡ್ ಮಾಡುವ ಸಾಧನ) ಪ್ರಾಜೆಕ್ಟಿನಲ್ಲಿ ಖರೀದಿ, ಗೋದಾಮು, ಬಿಲ್ಲಿಂಗ್ ಎಂಬ 3 ಮಾಡ್ಯೂಲ್‌ಗಳಿವೆ. ಲೈಬ್ರರಿಗಳನ್ನೆಲ್ಲ, ಎಲ್ಲ ಮಾಡ್ಯೂಲ್‌ಗಳಿಗೂ ಸಾಮಾನ್ಯವಾದ ಸೆಟ್ಟಿಂಗ್ ಕಡತವಾದ ಪೇರೆಂಟ್ ಪಾಮ್‌ಗೆ ಹಾಕಿದ ಮೇಲೆ, ಬೇಡದ ಕಡೆಗೂ ಡೇಟಾಬೇಸ್ ಡ್ರೈವರ್ (ಡೇಟಾಬೇಸ್ ಸಂಪರ್ಕಿಸುವ ಲೈಬ್ರರಿ) ಸೇರುತ್ತಿದೆ. ಏನು ಮಾಡಲಿ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನೀವು ಅವನ್ನು ‘ಡಿಪೆಂಡೆನ್ಸೀಸ್’ ಟ್ಯಾಗಿನಲ್ಲಿ ನೇರವಾಗಿ ಬರೆದಿದ್ದೀರಿ. ಅಲ್ಲಿದ್ದದ್ದು ಎಲ್ಲ ಮಾಡ್ಯೂಲ್‌ಗಳಿಗೂ ತಾನಾಗಿ ಹೋಗುತ್ತದೆ. ಅವನ್ನು ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ಒಳಗೆ ಸರಿಸಿ. ಆಗ ವರ್ಷನ್ ಮಾತ್ರ ನಿಗದಿಯಾಗುತ್ತದೆ, ಲೈಬ್ರರಿ ಸೇರುವುದಿಲ್ಲ. ಡ್ರೈವರ್ ಬೇಕಾದ ಮಾಡ್ಯೂಲಿನ ಪಾಮ್‌ನಲ್ಲಿ ಗ್ರೂಪ್ ಐಡಿ, ಆರ್ಟಿಫ್ಯಾಕ್ಟ್ ಐಡಿ (ಲೈಬ್ರರಿಯನ್ನು ಗುರುತಿಸುವ ಎರಡು ಹೆಸರು) ಬರೆದರೆ ಸಾಕು. ಅಲ್ಲಿ ವರ್ಷನ್ ಬರೆಯಲೇಬೇಡಿ. ಬರೆದರೆ ಪೇರೆಂಟಿನದನ್ನು ಅದು ಮೀರುತ್ತದೆ, ಬಿಲ್ಲಿಂಗ್‌ಗೊಂದು ಗೋದಾಮಿಗೊಂದು ಡ್ರೈವರ್ ವರ್ಷನ್ ಆಗಿ, ತಪ್ಪು ಹುಡುಕಲು ದಿನವಿಡೀ ಹೋಗುತ್ತದೆ. ಪ್ಲಗಿನ್‌ಗಳಿಗೂ (ಬಿಲ್ಡ್‌ನ ಕೆಲಸಗಳನ್ನು ಮಾಡುವ ತುಣುಕುಗಳು) ಇದೇ ಕ್ರಮ: ‘ಪ್ಲಗಿನ್ ಮ್ಯಾನೇಜ್‌ಮೆಂಟ್’.

ಪೇರೆಂಟಿನ ಪ್ಯಾಕೇಜಿಂಗ್ ‘ಪಾಮ್’ ಎಂದೇ ಇರಲಿ. ಅದನ್ನು ಬೇರೆ ಫೋಲ್ಡರಿಗೆ ಹಾಕಿದರೆ ಪ್ರತಿ ಮಾಡ್ಯೂಲಿನಲ್ಲೂ ‘ರಿಲೇಟಿವ್ ಪಾತ್’ (ಪೇರೆಂಟ್ ಇರುವ ಜಾಗದ ದಾರಿ) ತಿದ್ದಬೇಕು. ಹೇಳದಿದ್ದರೆ ಮೇವನ್ ಒಂದು ಮೆಟ್ಟಿಲು ಮೇಲಿನ ಫೋಲ್ಡರಿನಲ್ಲೇ ಮೊದಲು ಹುಡುಕುತ್ತದೆ, ಅಲ್ಲಿಯೂ ರೆಪಾಸಿಟರಿಯಲ್ಲಿಯೂ (ಮೇವನ್‌ನ ಲೈಬ್ರರಿ ಸಂಗ್ರಹ) ಸಿಗದಿದ್ದರೆ ಬಿಲ್ಡ್ ನಿಲ್ಲುತ್ತದೆ. 3 ಮಾಡ್ಯೂಲಿಗೆ ಮೇಲಿನ ಫೋಲ್ಡರೇ ಸಾಕು ಎಂಬುದು ನಮ್ಮ ಸಲಹೆ.

ಬದಲಾಯಿಸಿದ ಮೇಲೆ ‘ಡಿಪೆಂಡೆನ್ಸಿ ಟ್ರೀ’ ಗೋಲ್ (ಯಾವ ಲೈಬ್ರರಿ ಎಲ್ಲಿಂದ ಬಂತೆಂದು ತೋರಿಸುವ ಮೇವನ್ ಆದೇಶ) ಓಡಿಸಿ, ಖರೀದಿ ಮಾಡ್ಯೂಲಿನಡಿ ಡ್ರೈವರ್ ಇನ್ನೂ ಉಳಿದಿದೆಯೇ ನೋಡಿ. ಉಳಿದಿದ್ದರೆ ಅದನ್ನು ಯಾವ ಲೈಬ್ರರಿ ಎಳೆದು ತಂದಿದೆ ಎಂಬುದು ಅಲ್ಲೇ ಕಾಣುತ್ತದೆ.